ಕಲ್ಲಿನಡಿಯ ಸಾಕ್ಷಿ

ಡಿಂಕೆಲ್‌ಗ್ರುಂಡ್, ಸೋಮವಾರ

ಅಕ್ಕಾ,

ಗುಡ್ಡದ ಒರತೆ ನಮ್ಮ ಊರಿಗೇ ಉಳಿಯಿತು. ಈ ಕಣಿವೆಯ ದನಗಳಿಗೆಲ್ಲ ಅದೊಂದೇ ನೀರು. ಗಡಿಕಲ್ಲು ಒರತೆಯಿಂದ ಕೆಳಗೆ, ನಮ್ಮ ಕಡೆಗಿದೆ, ಆದ್ದರಿಂದ ನೀರು ತಮ್ಮದು ಎಂದು ಗುಡ್ಡದಾಚೆಯ ಓಟೆನ್‌ರೀಟ್‌ನವರು ಜಗಳ ತೆಗೆದಿದ್ದರು.

ಇಲ್ಲಿ ಮಠದವರು ಆಳುತ್ತಿದ್ದ ಕಾಲದಿಂದಲೂ ಗಡಿಕಲ್ಲಿನಡಿ ಗುರುತಿನ ಮಣ್ಣುಬಿಲ್ಲೆಗಳನ್ನು ಹೂಳುತ್ತಾರೆ. ಆ ಗುರುತಿನ ಗುಟ್ಟು ಊರೂರಿನ ಏಳು ಹಿರಿಯರಿಗೆ ಮಾತ್ರ ಗೊತ್ತು, ಹೆಂಡತಿಗೂ ಹೇಳುವಂತಿಲ್ಲ. ನಿನ್ನೆ ಎರಡೂ ಊರಿನ ಹಿರಿಯರು ನಮ್ಮನ್ನೆಲ್ಲ ಬೆನ್ನು ತಿರುಗಿಸಿ ನಿಲ್ಲಿಸಿ ಅಗೆದರು. ಕಲ್ಲಿನಡಿ ಬರೀ ಮಣ್ಣು. ನಮ್ಮೂರ ಏಳು ಹಿರಿಯರಲ್ಲಿ ಒಬ್ಬರಾದ ನಮ್ಮ ಮಾವ ಒರತೆ ದಾಟಿ ಮೇಲೆ ಹೋಗಿ ಒಂದು ಪೊದೆಯ ಬುಡ ಅಗೆಸಿದರು.

"ಬಗ್ಗಿ ನೋಡು ಲೊರೆಂಟ್ಸ್. ಕಲ್ಲಿಗೆ ಕಾಲು ಬಂತು, ಬಿಲ್ಲೆಗೆ ಬರ್ಲಿಲ್ಲ."

ನಾನು ಕದ್ದು ನೋಡಿದೆ. ಅವರ ಕಡೆಯ ಹಿರಿಯ ಲೊರೆಂಟ್ಸ್ ಟೋಪಿ ತೆಗೆದಿದ್ದ. "ನೀರು ನಿಮ್ದೇ ಕಣಯ್ಯ. ಕಲ್ಲನ್ನ ನಮ್ಮೋರೇ ಯಾರೋ ಸರಿಸಿರ್ಬೇಕು."

ಕಲ್ಲನ್ನು ಮೇಲಕ್ಕೆ ಒಯ್ದು ನೆಟ್ಟರು. ಜಾಗ ಮರೆಯದಿರಲೆಂದು ಊರಿನ ಹೊಸಬರನ್ನು ಎತ್ತಿ ಅದರ ಮೇಲೆ ಕುಕ್ಕುವುದು ಇವರ ಪದ್ಧತಿ. ಮದುವೆಯಾಗಿ ಬಂದಾಗಿನಿಂದ ನನ್ನನ್ನು "ಕಡಲ ಕಡೆಯೋಳು" ಎಂದೇ ಕರೆಯುತ್ತಿದ್ದ ಅತ್ತೆ ಗುಂಪಿನಿಂದ ಕೂಗಿದರು: "ನಮ್ ಸೊಸೇನ ಯಾಕ್ರೋ ಬಿಟ್ರಿ? ಎತ್ರೋ. ನಾವು ಸತ್ಮೇಲೆ ಸಾಕ್ಷಿ ಹೇಳೋಳು ಅವ್ಳೇ."

ಮೂರು ಸಲ ಕುಕ್ಕಿದರು.

ಆರೋಗ್ಯವಾಗಿದ್ದೇನೆ. ಅಂಚೆಯವನು ಬಾಗಿಲಲ್ಲಿದ್ದಾನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಕೂರಲಾಗದೆ ನಿಂತೇ ಬರೆದಿದ್ದೇನೆ.

ನಿನ್ನ ತಂಗಿ,
ಡಿಂಕೆಲ್‌ಗ್ರುಂಡಿನ ವೀಬ್ಕೆ