ಗೋಣಿತಾಟಿನ ಆಚೆ ಕೆಂಚ

ಮದ್ದೂರು, ಗುಂಡ್ಲುಪೇಟೆ ತಾಲ್ಲೂಕು
೯-೨-೨೦೨೫, ಭಾನುವಾರ

ನಮ್ಮ ಬಿಂದು ಅಪ್ಪನಿಗೆ ಭಾಗ್ಯ ಮಾಡುವ ನಮಸ್ಕಾರ.

ಹೆಂಗಿದ್ದೀರಾ? ಜೈಲಲ್ಲಿ ಕೊಟ್ಟ ಕಂಬಳಿ ಈ ಚಳಿಗೆ ಸಾಕಾಯ್ತದಾ? ಮಂಡಿ ನೋವಿನ ಮಾತ್ರೆ ಬುಡಬೇಡಿ. ಅವತ್ತು ನಿಮ್ಮ ಏಟಿಗೆ ಮುರಿದಿದ್ದ ನನ್ನ ಕೈ ಕೂಡ್ಕಂಡದೆ, ಬಿಂದಿಗೆ ಎತ್ತುತೀನಿ, ಮೋಡ ಆದ್ರೆ ಮಾತ್ರ ಜುಮ್ಮಂತದೆ. ಈ ತಿಂಗಳೇ ನಿಮಗೆ ಜಾಮೀನು ಸಿಕ್ತದೆ ಅಂತ ಲಾಯರು ಹೇಳ್ದಾಗಿಂದ ಅತ್ತೆ ನಿಮ್ಮ ಅಂಗಿ ಎಲ್ಲಾ ಒಗೆದು ಮಡಚಿ ಇಟ್ಟವ್ರೆ. ಬಿಂದು ಮಾತ್ರ ಆ ಮಾತು ಬಂದ್ರೆ ಎದ್ದು ಹೋಯ್ತಳೆ.

ಹೆಬ್ಬಾತುಗಳ ಸುದ್ದಿ ಕೇಳಿ. ಇದು ಜೊತೆಗೂಡೋ ಕಾಲ ಅಲ್ವಾ, ನಿಮ್ಮ ಮುದ್ದಿನ ಕೆಂಚನ ಕಾಟ ತಡಿಯಕ್ಕೇ ಆಗ್ಲಿಲ್ಲ. ನಾಲ್ಕು ಹೆಣ್ಣಿಗೆ ಒಂದು ಗಂಡು ಸಾಕಿತ್ತು, ನೀವು ಎರಡು ತಂದ್ರಿ. ಇನ್ನೊಂದು ಗಂಡಿನ ರೆಕ್ಕೆ ಕಚ್ಚಿ ರಕ್ತ ಬರ್ಸದ. ಬಾನಿ ನೀರಲ್ಲಿ ಹೆಣ್ಣು ಬಾತು ಬಿಳಿಯಮ್ಮನ ಮೇಲೆ ಹತ್ತಿ, ತಲೆ ಮುಳುಗಂಗೆ ಅದುಮಿ, ಕುತ್ತಿಗೆ ಪುಕ್ಕ ಎಲ್ಲಾ ಕಿತ್ತಾಕ್ಬುಟ್ಟ. ಬುಡ್ಸಕ್ಕೆ ಹೋದ್ರೆ ನನ್ನ ಅದೇ ಕೈ ಕಚ್ಚದ. ದೊಣ್ಣೆ ಎತ್ತಿದ್ದೆ ಕಣ್ರೀ, ಹೊಡಿಯಕ್ಕೆ ಮನಸು ಬರ್ಲಿಲ್ಲ. ಅತ್ತೆ ಬಾಗಲಲ್ಲಿ ನಿಂತು, "ನನ್ ಮಗ ಮರೀಲೇ ಅದ್ನ ಮಡ್ಲಲ್ಲಿ ಹಾಕ್ಕಂಡು ಮುದ್ದೆ ತಿನ್ಸಿ ಸಾಕ್ಬುಟ್ಟ ಕಣಮ್ಮಿ, ಅದ್ಕೆ ಮನುಸ್ರ ಅಂಜಿಕೇನೇ ಇಲ್ಲ" ಅಂದ್ರು. ಅಂದೋರು ಸೆರಗಲ್ಲಿ ಕಣ್ಣೊರೆಸ್ಕಂಡ್ರು.

ಹೊಡೆದ್ರೆ ಇನ್ನೂ ರೇಗ್ತಾನೆ, ಓಡಿದ್ರೆ ಅಟ್ಟಿಸ್ಕಂಡು ಬತ್ತಾನೆ. ಕೈ ಅಗಲ ಮಾಡಿ ನಿಂತು, ಮೆಲ್ಲಗೆ ಹಿಡಿದು, ಸುಮ್ನಾಗೋಗಂಟ ಕಂಕುಳಲ್ಲಿ ಅವುಚ್ಕಂಡಿದ್ದೆ. ಪಾಪ, ಅವ್ನ ಎದೆ ಡವಡವ ಅಂತಿತ್ತು. ಆಮೇಲೆ ಕೊಟ್ಟಿಗೆ ಪಕ್ಕ ಬೇರೆ ಗೂಡು ಮಾಡಿ, ಹೆಣ್ಣುಗಳು ಕಣ್ಣಿಗೆ ಬೀಳದಂಗೆ ಗೋಣಿತಾಟು ಕಟ್ಟುದೆ. ಆ ವಾರ ಪೂರ್ತಿ ಒಂದೇ ಸಮ ಕೂಗದ. ನಾನೂ ಒಲೆ ಮುಂದೆ ಕೂತು ಅಳ್ತಿದ್ದೆ.

ಈಗ ಹಟ್ಟಿ ತಣ್ಣಗದೆ. ಬಿಳಿಯಮ್ಮನ ಕುತ್ತಿಗೇಲಿ ಪುಕ್ಕ ಬತ್ತಾವೆ, ಕಾವಿಗೆ ಕೂತವ್ಳೆ. ಬಿಂದು ಹೆದರ್ದೆ ಅಂಗಳದಲ್ಲಿ ಆಡ್ತಳೆ. ಆದ್ರೂ ಅವ್ನ ಕೂಗು ಕೇಳಕ್ಕಾಗ್ದೆ ಮೊನ್ನೆ ಗೋಣಿ ತೆಗೆದು ಹೆಣ್ಣುಗಳ ಹತ್ರಕ್ಕೆ ಬುಟ್ಟೆ. ನಿಜ ಹೇಳ್ತೀನಿ, ಕೆಂಚ ಏನೂ ಮಾಡ್ಲಿಲ್ಲ, ಸುಮ್ನೆ ನಿಂತಿದ್ದ. ಬಿಳಿಯಮ್ಮ ಮಾತ್ರ ಮೊಟ್ಟೆ ಬುಟ್ಟು ಎದ್ದು ಮೂಲೆ ಸೇರ್ಕಂಡ್ಳು. ಮೊಟ್ಟೆ ತಣ್ಣಗಾಯ್ತಾ ಬಂದ್ರೂ ಹತ್ರ ಬರ್ಲಿಲ್ಲ. ಮತ್ತೆ ಗೋಣಿ ಕಟ್ಟುದೆ. ಎಲ್ಲಾರೂ ಮಾರು ಅಂತಾರೆ, ಕುಯ್ಯಿ ಅಂತಾರೆ. ನಾನು ಎರಡೂ ಮಾಡಲ್ಲ. ದಿನಾ ನಾನೇ ಹೋಗಿ ಮೇವು ಹಾಕಿ, ಸ್ವಲ್ಪ ಹೊತ್ತು ಕೂತು ಬತ್ತೀನಿ.

ಅತ್ತೆ ಹೊತ್ತೊತ್ತಿಗೆ ಉಣ್ಣು ಅಂತ ಹೇಳವ್ರೆ. ಮಾದಪ್ಪ ನಿಮ್ಮನ್ನ ಕಾಯ್ಲಿ.

ನಿಮ್ಮ
ಭಾಗ್ಯ

ಮರೆತೆ: ಜೈಲಿಂದ ಬುಟ್ಟ ದಿವ್ಸ ನಮ್ಮೂರ ಬಸ್ಸು ಹತ್ತಬೇಡಿ. ಸೀದಾ ಪುಣಜನೂರಿಗೆ, ನಿಮ್ಮಕ್ಕ ಮಂಗಳಗೌರಿ ಮನೆಗೆ ಹೋಗಿ. ಅವ್ರು ಒಪ್ಪವ್ರೆ, ಅತ್ತೆ ಮಡಚಿಟ್ಟಿದ್ದ ಅಂಗಿ ಎಲ್ಲಾ ಅಲ್ಲಿಗೇ ಕಳ್ಸಿವ್ನಿ. ನಾನು ಬತ್ತೀನಿ, ಊಟ ತತ್ತೀನಿ. ಬಿಂದುನ ಕರ್ಕಂಡು ಬಾ ಅನ್ಬೇಡಿ. ನೀವು ಇನ್ನೇನೂ ಮಾಡಲ್ಲ ಅಂತ ನಾನು ನಂಬ್ತೀನಿ. ಅವ್ಳು ನಂಬಲ್ಲ ಕಣ್ರೀ, ಈಗೀಗಷ್ಟೇ ಬೆಚ್ಚಿಬೀಳ್ದೆ ಮಲಗ್ತಾವ್ಳೆ.