ತೆಂಕಣದಲ್ಲಿ ಬಾಗಿಲು ಸುಂಕ

ಅರೆಹಗಲು ತಿಂಗಳ ನಲವತ್ತೊಂದನೆಯ ದಿನ, ಶಕೆ ೨೧೭೯
ಏಳನೆಯ ಓಣಿ, ತೆಂಕಣ ದೇಶ

ಹೊಸ ದೇಶಕ್ಕೆ ಪೆಟ್ಟಿಗೆ ಕಟ್ಟುತ್ತಿರುವ ನನ್ನ ಹಿರೀಕರಿಗೆ ಪಂಪಾವತಿಯ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳುಗಳು ಚಂದ್ರನ ಮಾತು ಕೇಳುವುದಿಲ್ಲ, ಬೆಳಕಿನ ಮಾತು ಕೇಳುತ್ತವೆ. ಹಗಲು ಮೂರೇ ತಾಸು ಇರುವಷ್ಟು ದಿನವೂ ಇಲ್ಲಿ ಅರೆಹಗಲು ತಿಂಗಳೇ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಓದಿ ಕಲಿತವಳು. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಿಂದಣ ಅಂಚೆ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಈ ವರ್ಷವಷ್ಟೇ ಶುರುವಾಗಿದೆ. ಮನೆಗೊಂದೇ ಕಾಗದ, ಉತ್ತರ ಬರುವಂತಿಲ್ಲ. ಇಂಥ ಅವಕಾಶದಲ್ಲಿ ಲೋಕದ ದೊಡ್ಡ ಸಂಗತಿಗಳನ್ನು ತಿಳಿಸಬೇಕೆಂದು ನನ್ನ ಗಂಡ ಮೌನೇಶ ಹೇಳಿದ. ನಾನು ಮನೆಖರ್ಚಿನ ವಿಷಯ ಬರೆಯುತ್ತೇನೆಂದೆ. ಕಾಗದ ನನ್ನ ಕೈಯಲ್ಲಿತ್ತು.

ನಾವು ಮೂವರು, ಅಂದರೆ ನಾನು, ಮೌನೇಶ, ನನ್ನ ಅತ್ತೆ ಹುಲಿಗೆಮ್ಮ, ರಾಯಚೂರು ಬಿಟ್ಟು ಇಲ್ಲಿಗೆ ಬಂದು ಎರಡು ವರ್ಷವಾಯಿತು. ತೆಂಕಣವೆಂದರೆ ಭೂಮಿಯ ತಳದಲ್ಲಿ, ಮಂಜು ಹಿಂದೆ ಸರಿದಾಗ ತೆರೆದುಕೊಂಡ ನೆಲ. ಹೊರಡುವ ಮೊದಲು ಮೌನೇಶ ಒಂದು ತಿಂಗಳು ಕೂತು ಖರ್ಚಿನ ಪಟ್ಟಿ ಮಾಡಿದ್ದ. ಮನೆ ಬಾಡಿಗೆ, ಜೋಳ, ಎಣ್ಣೆ, ಉಣ್ಣೆ ಬಟ್ಟೆ, ಅಷ್ಟೇ ಏಕೆ, ಅವ್ವನ ಎಲೆ ಅಡಿಕೆ ಕೂಡ ಅದರಲ್ಲಿತ್ತು. ಇಲ್ಲಿಗೆ ಬಂದ ಮೇಲೆ ತಿಳಿಯಿತು, ಪಟ್ಟಿಯಲ್ಲಿ ಇಲ್ಲದ್ದಕ್ಕೇ ಇಲ್ಲಿ ಹೆಚ್ಚು ದುಡ್ಡು. ಬಟ್ಟೆ ತಾನಾಗಿ ಒಣಗುವುದಿಲ್ಲ, ಒಣಗಿಸುವ ಕೂಲಿ ಬೇರೆ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ನಿದ್ದೆ ಮಾಡಲು ಗೋಡೆಗೆ ಕಪ್ಪು ಹೊದಿಕೆ ಬೇಕು, ಅದಕ್ಕೆ ಕತ್ತಲೆ ಬಾಡಿಗೆ. ಎಲ್ಲಕ್ಕೂ ದೊಡ್ಡದು ಕಾವು, ಅಂದರೆ ನೆಲದಡಿಯ ಬಿಸಿನಾಳದಿಂದ ಮನೆಗೆ ಬರುವ ಶಾಖ. ಸೆಕೆ ಕಳೆಯಲು ದುಡ್ಡು ಸುರಿದು ಗೊತ್ತಿದ್ದ ರಾಯಚೂರಿನ ಮಂದಿಗೆ ಸೆಕೆಯನ್ನೇ ಕೊಳ್ಳಬೇಕಾಗುತ್ತದೆಂದು ಹೇಗೆ ಹೊಳೆಯಬೇಕು ಹೇಳಿ.

ಇನ್ನು ಬಾಗಿಲು ಸುಂಕ. ಚಳಿಗಾಲದಲ್ಲಿ ಬಾಗಿಲು ತೆರೆದು ನಿಂತ ಪ್ರತಿ ನಿಮಿಷಕ್ಕೂ ಇಲ್ಲಿ ಸುಂಕ ಕಟ್ಟಬೇಕು. ನನ್ನ ಅತ್ತೆಗೋ ದೀಪ ಹಚ್ಚುವ ಹೊತ್ತಿಗೆ ತಲೆಬಾಗಿಲು ತೆರೆದಿರಲೇಬೇಕು, ಲಕ್ಷ್ಮಿ ಒಳಗೆ ಬರುವ ಹೊತ್ತದು. ಅರೆಹಗಲಿನಲ್ಲಿ ಮಧ್ಯಾಹ್ನ ಎರಡೂವರೆಗೇ ಮುಸ್ಸಂಜೆ. ಆಗ ಅವರು ದೀಪ ಹಚ್ಚಿ, ಬಾಗಿಲು ತೆಗೆದು, ಹದಿನೈದು ನಿಮಿಷ ಕೈಮುಗಿದು ನಿಲ್ಲುತ್ತಿದ್ದರು. ಲಕ್ಷ್ಮಿ ಬಂದಳೋ ಇಲ್ಲವೋ, ಮನೆಯೊಳಗಿದ್ದವಳಂತೂ ಅದೇ ಬಾಗಿಲಿನಿಂದ ಹೊರಟುಹೋಗುತ್ತಿದ್ದಳು. ಮೊದಲ ತಿಂಗಳ ಬಿಲ್ಲು, ಕಾವು ಸುಂಕ ಎರಡೂ ಸೇರಿ, ಮಿತಿ ದಾಟಿತು. ಎರಡನೆಯದೂ ದಾಟಿತು.

ಹೊಸಬರಿಗೆ ಇಲ್ಲೊಂದು ಕಾನೂನಿದೆ. ಮೊದಲ ಚಳಿಗಾಲದಲ್ಲಿ ಸಾಲಾಗಿ ಮೂರು ಬಿಲ್ಲು ಮಿತಿ ದಾಟಿದರೆ ಆ ಮನೆಯವರು ವಸಂತದ ಹಡಗಿನಲ್ಲಿ ಊರಿಗೆ ವಾಪಸು. ನನಗೆ ಹೋಗುವುದು ಬೇಡವಾಗಿತ್ತು. ಇಲ್ಲಿನ ಗಾಜುಮನೆಯಲ್ಲಿ ನನ್ನ ಕೈಯಾರೆ ಬಿತ್ತಿದ ಜೋಳ ಮೊಣಕಾಲಿನವರೆಗೆ ಬಂದಿತ್ತು. ಜನ್ಮದಲ್ಲಿ ಮೊದಲ ಸಲ ನನ್ನ ಕೆಲಸ ನನಗೆ ಹಿಡಿಸಿತ್ತು, ಬಿಟ್ಟು ಹೋಗುವುದನ್ನು ನೆನೆದರೆ ಅಳು ಬರುತ್ತಿತ್ತು.

ಮೌನೇಶ ತಾಯಿಯ ಮುಂದೆ ಕೂತು, "ಯವ್ವಾ, ಈ ಒಂದು ತಿಂಗಳು ಬಾಗಲಾ ತೆಗೀಬ್ಯಾಡ. ಲಕ್ಷ್ಮಿಗೆ ಕಿಟಕಿ ತೋರ್ಸು," ಎಂದ.

"ಕಿಟಕ್ಯಾಗ ಕಳ್ಳ ಬರ್ತಾನಪ್ಪ, ಲಕ್ಷ್ಮಿ ಬರಂಗಿಲ್ಲ," ಎಂದರು ಅತ್ತೆ. ಆದರೂ ಮಗನ ಮಾತು ಕೇಳಿದರು. ಎರಡು ದಿನ ಮುಚ್ಚಿದ ಬಾಗಿಲಿನ ಮುಂದೆ ದೀಪ ಹಚ್ಚಿಟ್ಟು ಸುಮ್ಮನೆ ಕೂತರು. ತಟ್ಟೆಯಲ್ಲಿ ರೊಟ್ಟಿ ಹಾಗೆಯೇ ಉಳಿಯಿತು. ನನಗೆ ಇಲ್ಲಿಯೇ ಇರುವ ಆಸೆ ಎಷ್ಟೇ ಇದ್ದರೂ ಆ ಮುಖ ನೋಡಿಕೊಂಡು ಇರಲು ಆಗಲಿಲ್ಲ. ಮೂರನೆಯ ದಿನ ಎದ್ದು ಹೋಗಿ ಬಾಗಿಲನ್ನು ನಾನೇ ತೆಗೆದೆ.

ಹಿಂದಿನ ಎರಡು ತಿಂಗಳು ನಮ್ಮ ಓಣಿಯಲ್ಲಿ ನಮ್ಮದೊಂದೇ ಮನೆ. ಉಳಿದವರು ತೆಂಕಣದ ಹಳಬರೇ, ಬೇರೆ ಓಣಿಗಳಿಂದ ಆ ವಾರವಷ್ಟೇ ಇಲ್ಲಿಗೆ ಬಂದು ನೆಲೆಸಿದ್ದರು. ತೆಂಕಣದಲ್ಲಿ ಚಳಿಗಾಲದ ಬಾಗಿಲು ತೆರೆದಿದೆಯೆಂದರೆ ಒಳಗೆ ಯಾರಿಗೋ ಜೀವಕ್ಕೆ ಅಪಾಯವಾಗಿದೆ ಎಂದರ್ಥವಂತೆ. ನಮಗೆ ಯಾರೂ ಹೇಳಿರಲಿಲ್ಲ. ಎದುರು ಮನೆಯ ಮೆಲೆ, ಮುಳುಗಿದ ದ್ವೀಪಗಳ ಕಡೆಯ ದೊಡ್ಡ ಮೈಯ ಹೆಂಗಸು, ಕಂಬಳಿ ಹಿಡಿದು ಓಡಿಬಂದಳು. ಅವಳ ಹಿಂದೆ ನಾಲ್ಕು ಮಕ್ಕಳು, ಅವರ ಹಿಂದೆ ಔಷಧದ ಪೆಟ್ಟಿಗೆ ಹೊತ್ತ ಆರು ಜನ. ಬಿದ್ದವರು ಎಲ್ಲಿ ಎಂದು ಎಲ್ಲರೂ ನೆಲ ನೋಡುತ್ತಿದ್ದರೆ, ಅತ್ತೆ ಮೆಲೆಯ ಕೈಹಿಡಿದು, "ದೀಪಾ ಹಚ್ಚೋ ಹೊತ್ತಿಗೆ ಬಂದೀಯವ್ವ, ಕೂಡು. ಉಣಲಾರದ ಹೋಗೂ ಹಂಗಿಲ್ಲ," ಎಂದು ಹಣೆಗೆ ಕುಂಕುಮ ಇಟ್ಟೇಬಿಟ್ಟರು. ಕಿವಿಗೂಡು, ಅಂದರೆ ಪರಭಾಷೆಯನ್ನು ಕಿವಿಯಲ್ಲಿ ಹೇಳುವ ಯಂತ್ರ, ಅದನ್ನು ಹೇಗೆ ತಿರುಗಿಸಿತೋ, ಮೆಲೆ ಕಂಬಳಿ ಮಡಚಿ ಹಾಸಿಕೊಂಡು ಕೂತಳು. ಹನ್ನೊಂದು ಜನಕ್ಕೆ ರೊಟ್ಟಿ ತಟ್ಟುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು, ನಗುವಂತೂ ನಿಲ್ಲಲಿಲ್ಲ.

ಮರುದಿನ ಯಾರಿಗೂ ಅಪಾಯವಿಲ್ಲವೆಂದು ತಿಳಿದೂ ಅವರೆಲ್ಲ ಬಂದರು. ಒಬ್ಬರು ಮೀನು ತಂದರು, ಒಬ್ಬರು ಗಡ್ಡೆ ಬೇಯಿಸಿ ತಂದರು. ಬರಬರುತ್ತಾ ದಿನಾ ನಾಲ್ಕು ತಾಸು ನಮ್ಮ ಎರಡು ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಜೋಳದ ಚೀಲ ಕರಗುತ್ತಿದ್ದಂತೆ ಮೌನೇಶನ ಮುಖವೂ ಇಳಿಯಿತು. ಹೇಗೂ ಹೋಗುವವರು, ಉಂಡಾದರೂ ಹೋಗೋಣವೆಂದು ನಾನು ಪೆಟ್ಟಿಗೆಗಳ ಧೂಳು ಒರೆಸಿಟ್ಟೆ.

ತಿಂಗಳ ಕೊನೆಗೆ ಕಾವಿನ ಕಚೇರಿಯಿಂದ ಸಿನಿಕ್ಕಾ ಎಂಬ ಅಧಿಕಾರಿ ಬಂದಳು. ನಮ್ಮ ಮೀಟರು ಅರ್ಧಕ್ಕಿಂತ ಕೆಳಗೆ ಇಳಿದಿತ್ತಂತೆ, ಮುರಿದಿರಬೇಕೆಂದು ಅವಳ ಗುಮಾನಿ. ಬಾಗಿಲೊಳಗೆ ಕಾಲಿಟ್ಟವಳೇ ಕನ್ನಡಕಕ್ಕೆ ಆವಿ ಕಟ್ಟಿ ಕಣ್ಣು ಕಾಣದೆ ನಿಂತಳು. ಒರೆಸಿಕೊಂಡು ನೋಡಿದರೆ ಗೋಡೆಯಿಂದ ಗೋಡೆಗೆ ಪಂಕ್ತಿ ಕೂತಿತ್ತು. ಬಿಸಿನಾಳ ತಾನಾಗಿಯೇ ನಿಂತುಹೋಗಿತ್ತು. ಮನೆ ಬೆಚ್ಚಗಿದ್ದರೆ ಅದು ಕೆಲಸ ಮಾಡುವುದಿಲ್ಲ. ಬಾಗಿಲು ಸುಂಕ ಇದ್ದಷ್ಟೇ ಇತ್ತು, ಆದರೆ ಅಷ್ಟು ಜನರ ಮೈಯ ಬಿಸಿ ಅದನ್ನು ನುಂಗಿ ನೀರು ಕುಡಿದು, ಮೂರನೆಯ ಬಿಲ್ಲು ಮಿತಿಯೊಳಗೇ ಉಳಿದಿತ್ತು. ನಮ್ಮ ಮನೆಗೆ ಬಂದಾಗ ತಮ್ಮ ಮನೆಯ ಕಾವು ತಗ್ಗಿಸಿ ಬರುತ್ತಿದ್ದರಾದ್ದರಿಂದ ಅವರ ಬಿಲ್ಲೂ ಇಳಿದಿತ್ತು.

ಸಿನಿಕ್ಕಾ ಕಾಗದ ತೆಗೆದು, ಬೆರಳು ತೋರಿಸುತ್ತಾ ಜನರನ್ನು ಎಣಿಸತೊಡಗಿದಳು. ಅತ್ತೆ ಆ ಬೆರಳನ್ನು ಮೆಲ್ಲಗೆ ಮಡಚಿದರು. "ಉಣ್ಣೋ ಮಂದೀನ ಎಣಿಸಬಾರದವ್ವ, ದೃಷ್ಟಿ ತಾಕ್ತದ. ನೀನೂ ಕೂಡು."

ಅವಳು ಕೂತಳು. ಮೂರು ರೊಟ್ಟಿ ಉಂಡಳು. ಜನ ಎಷ್ಟು ಎಂಬ ಸಾಲಿನಲ್ಲಿ "ತುಂಬಾ" ಎಂದು ಬರೆದು, ಕೆಳಗೆ ಸಹಿ ಹಾಕಿ, ನಮಗೆ ನೆಲೆಚೀಟಿ, ಅಂದರೆ ಇಲ್ಲಿಯೇ ಉಳಿಯುವ ಅಪ್ಪಣೆ, ಕೊಟ್ಟಳು. ಮೌನೇಶ ಅದನ್ನು ಎರಡು ಸಲ ಓದಿ, ತಾಯಿಯ ಕಾಲ ಬಳಿ ಕೂತು ಮಗುವಿನಂತೆ ಅತ್ತ. ನಾನು ಗಾಜುಮನೆಗೆ ಹೋಗಿ ಜೋಳಕ್ಕೆ ನೀರು ಬಿಟ್ಟು ಬಂದೆ. ಅಷ್ಟು ಸಂತೋಷವನ್ನು ಹೊತ್ತುಕೊಂಡು ಸುಮ್ಮನೆ ಕೂರುವುದು ನನಗೆ ಸಾಧ್ಯವಿರಲಿಲ್ಲ.

ಹಿರೀಕರೇ, ನೀವು ಯಾವ ದೇಶಕ್ಕೆ ಹೊರಟಿದ್ದೀರೋ, ಅಲ್ಲಿ ಯಾವುದಕ್ಕೆ ಸುಂಕವಿದೆಯೋ ನಾನರಿಯೆ. ಖರ್ಚು ನೀವು ಎಣಿಸಿದ್ದಕ್ಕಿಂತ ಹೆಚ್ಚೇ ಆಗುತ್ತದೆ, ಅದು ಖಂಡಿತ. ಅದಕ್ಕೆ ಹೆದರಿ, ಮೊದಲ ಚಳಿಗಾಲ ಯಾರನ್ನೂ ಕರೆಯದೆ ನೀವು ನೀವೇ ಕೂರಬೇಡಿ ಎಂಬುದೊಂದೇ ನನ್ನ ಬೇಡಿಕೆ. ಇನ್ನೂ ಬರೆಯಬಹುದಿತ್ತು. ಆದರೆ ಎರಡೂವರೆಯಾಗುತ್ತಾ ಬಂತು, ಹೊರಗೆ ಮಂಜಿನಲ್ಲಿ ಜನ ಬಂದು ನಿಂತಿದ್ದಾರೆ. ಹೋಗಿ ಬಾಗಿಲು ತೆಗೆಯಬೇಕು.