ಮೇಪಲ್ ಕೆಂಪಾದ ಮೇಲೆ

ಜನವರಿ ೨೬
ಗಿರಣಿಯಿಂದ ಬಂದೆ. ಮೈಯೆಲ್ಲ ತೌಡು. ಭತ್ತದ ನಾಡು ಬಿಟ್ಟು ಸಮುದ್ರ ದಾಟಿ ಬಂದು ಭತ್ತದ ನಾಡಿಗೇ ಅಳಿಯನಾದವನು ನಾನು.

ಮಾವನ ಕಾಡು ಈಗ ತುಂಬಿದ ಕೆರೆ. ಹೊಳೆ ನುಗ್ಗುವ ಜಾಗ. ಉಳಲಾಗದು, ಮನೆ ಕಟ್ಟಲಾಗದು. ಬರೀ ಓಕ್. ನವೆಂಬರಿನಲ್ಲಿ ಎಲೆ ಉದುರಿದ ಮೇಲೆ ತೂಬಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವುದು. ಓಕ್ ಕಾಯಿಗೆ ಬಾತು, ಬಾತಿಗೆ ಲಿಟಲ್ ರಾಕ್‌ನ ಹಲ್ಲಿನ ಡಾಕ್ಟರ್, ಅವನ ಬಂದೂಕಿನ ಗೆಳೆಯರು. ಬೇಟೆಗೆಂದು ಅವರು ಕೊಡುವ ಗುತ್ತಿಗೆ ಹಣದಲ್ಲೇ ಕಂದಾಯ. ಇಲ್ಲದಿದ್ದರೆ ಜಮೀನು ಹರಾಜು.

ನೀರು ನಿಂತರೆ ಬಾತು,
ದುಡ್ಡು ಬರುವುದು ಕೂತು.

ಫೆಬ್ರವರಿ ೯
ಮಾವ ಹೋಸೆಯಾ, ತಿಂಡಿ ಮುಗಿಸಿ: "ಮೇಪಲ್ ಹೂ ಬಿಟ್ಟು ಕೆಂಪಾಯ್ತು. ಹಲಗೆ ಎತ್ತಬೇಕು. ಓಕ್ ಚಿಗುರೋದ್ರೊಳಗೆ ಬೇರಿಗೆ ಗಾಳಿ ಬೇಕು."

ನನ್ನ ಹೆಂಡತಿ ವರ್ಲೀನಳ ಅಣ್ಣ ಡಿವಿಟ್: "ಮಾರ್ಚ್‌ವರೆಗೂ ನೀರು ಇರ್ಲಿ ಅಂತಾನೆ ಡಾಕ್ಟ್ರು. ಬಾತು ತಂಗಿದ್ರೆ ಮುಂದಿನ ವರ್ಷ ತಿರುಗಿ ಬರ್ತಾವಂತೆ."

"ಹೋದ ವರ್ಷಾನೂ ನೀನು ಹಂಗೇ ಮಾಡ್ದೆ. ಮರದ ತುದಿ ಒಣಗಿರೋದು ಕಾಣಲ್ವಾ?"

"ತುದಿ ನೋಡ್ಕೊಂಡು ಕಂದಾಯ ಕಟ್ಟಕ್ಕಾಗತ್ತಾ ಅಪ್ಪಾ?"

"ಮರ ಸತ್ರೆ ಬಾತು ನಿನ್ನ ಮುಖ ನೋಡಕ್ಕೆ ಬರತ್ತಾ?"

ನಕ್ಕೆ. ಇಬ್ಬರೂ ಗುರಾಯಿಸಿದರು.

ಫೆಬ್ರವರಿ ೧೨, ಬೆಳಿಗ್ಗೆ
ಮಾವ ಹಾಸಿಗೆಯಲ್ಲಿಲ್ಲ. ಒಡ್ಡಿನ ಮೇಲೆ ಸಿಕ್ಕರು. ಎದೆಮಟ್ಟ ಒದ್ದೆ, ತುಟಿ ನೀಲಿ. ಅರ್ಧದಷ್ಟು ಹಲಗೆ ಎತ್ತಿ ಮುಗಿಸಿದ್ದರು, ಎಂಬತ್ತರ ಮುದುಕ. ತೂಬು ಭೋರ್ಗರೆಯುತ್ತಿತ್ತು. ಡಿವಿಟ್ ಮಗುವಿನಂತೆ ಎತ್ತಿಕೊಂಡ. "ಅಪ್ಪ ಎಷ್ಟು ಹಗುರ ಆಗಿದಾರೆ."

ಫೆಬ್ರವರಿ ೧೩, ಆಸ್ಪತ್ರೆ
ನ್ಯುಮೋನಿಯ. ಬಾಯಿ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿ ಮಾವ ಕೇಳಿದರು, "ನೀರು ಇಳೀತಾ ಮಗಾ?"

"ಇಳೀತಾ ಇದೆ ಮಾವ."

ಹೋಗಿ ನೋಡಿರಲಿಲ್ಲ.

ಫೆಬ್ರವರಿ ೧೪
ನೋಡಿದೆ. ಹಲಗೆಗಳೆಲ್ಲ ಮತ್ತೆ ತೂಬಿನಲ್ಲಿ. ನೀರು ಕನ್ನಡಿ.

"ಹಲಗೆ ಹಾಕಿದ್ದು ಡಾಕ್ಟ್ರ ಕಡೆಯವರಾ ಭಾವ?" ಡಿವಿಟ್‌ನನ್ನು ಕೇಳಿದೆ.

"ನಾನೇ." ಡಿವಿಟ್ ಬೂಟಿನ ಕೆಸರು ಕೆರೆಯುತ್ತಿದ್ದ. "ಗುತ್ತಿಗೆ ತಪ್ಪಿದ್ರೆ ನಿನ್ನ ಗಿರಣಿ ಸಂಬಳದಲ್ಲಿ ಉಳಿಸ್ತೀಯಾ ಜಮೀನು?"

ಗಿರಣಿಗೆ ಹೊರಟೆ. ಇವತ್ತು ಪ್ರಾಸ ಹೊಳೆಯಲಿಲ್ಲ.

ಫೆಬ್ರವರಿ ೨೨
ಮಾವನನ್ನು ನಿನ್ನೆ ಮಣ್ಣು ಮಾಡಿದೆವು. ಕೊನೆಯವರೆಗೂ ನೀರು ಇಳಿಯುತ್ತಿದೆ ಎಂದೇ ನಂಬಿದ್ದರು. ನಾನು ದಿನಾ ಒಂದೊಂದು ಅಂಗುಲ ಇಳಿಸುತ್ತಿದ್ದೆ, ಬಾಯಲ್ಲೇ.

ಚರ್ಚಿನ ಹಿಂದಿನ ಕೋಣೆಯಲ್ಲಿ ಊಟ. ಹುರಿದ ಕೋಳಿ, ಬೇಯಿಸಿದ ಸೊಪ್ಪು. ಡಾಕ್ಟರ್ ಒಳ್ಳೆಯ ಹೂ ತಂದಿದ್ದ. ತಟ್ಟೆ ಹಿಡಿದೇ ಡಿವಿಟ್‌ನ ಪಕ್ಕ ಬಂದು ಮೆಲ್ಲಗೆ:

"ನಿಮ್ಮಪ್ಪ ದೊಡ್ಡ ಮನುಷ್ಯರು. ಅಂದ ಹಾಗೆ, ಮುಂದಿನ ಸಲ ಸೆಪ್ಟೆಂಬರಿಗೇ ನೀರು ನಿಲ್ಲಿಸೋಣವಾ? ಬೇಗ ಬರೋ ಬಾತು ಸಿಗ್ತಾವೆ."

ಸೆಪ್ಟೆಂಬರಿನಲ್ಲಿ ಓಕ್ ಎಲೆ ಹಸಿರು; ಆಗ ನೀರು ನಿಂತರೆ ಮರ ಸಾಯುತ್ತದೆ. ಇದು ನನಗೂ ಗೊತ್ತು, ಡಿವಿಟ್‌ಗೂ. ಅವನು ಕೋಳಿ ಮೂಳೆ ಕೆಳಗಿಟ್ಟ. "ನೋಡೋಣ ಸಾರ್" ಅಂದ.

ವರ್ಲೀನ್ ಸೊಪ್ಪು ಬಡಿಸುತ್ತಿದ್ದವಳು ಎತ್ತಿದ ಸೌಟು ಹಾಗೇ ಹಿಡಿದು ನಿಂತಳು.

ಫೆಬ್ರವರಿ ೨೪, ಬೆಳಿಗ್ಗೆ ಆರೂವರೆ
ಕಿಟಕಿಯಾಚೆ ಓಕ್ ತುದಿಗಳಲ್ಲಿ ಮೊಗ್ಗು ಉಬ್ಬಿದೆ. ಕಾಂಡ ಇನ್ನೂ ನೀರಲ್ಲಿ.

ವರ್ಲೀನ್ ಅಪ್ಪನ ರಬ್ಬರ್ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಅವಳಿಗೆ ದೊಡ್ಡದು.

"ಡಿವಿಟ್ ಆಗ್ಲೇ ತೂಬಿನ ಹತ್ರ ಟ್ರಕ್ ನಿಲ್ಲಿಸ್ಕೊಂಡು ಕೂತವ್ನೆ."

"ಹಲಗೆ ಎತ್ತಕ್ಕಾ, ಯಾರೂ ಎತ್ತದಂಗೆ ಕಾಯಕ್ಕಾ?"

"ಹೋದ್ರೆ ಗೊತ್ತಾಗತ್ತೆ. ಬರ್ತೀಯಾ, ಇಲ್ಲಾ ಬರ್ಕೋತಾ ಕೂತಿರ್ತೀಯಾ?"

ಒಂದು ಸಾಲು ಮುಗಿಸಿ ಬರ್ತೀನಿ ಅಂದೆ. ಅವಳು ಆಗಲೇ ಮೆಟ್ಟಿಲಿಳಿದು ಹೊರಟಳು. ಸಾಲು ಇಲ್ಲಿಗೇ ಬಿಟ್ಟು ನಾನೂ ಹೊರಟೆ.